ಆಲ್ಟರ್ನೇಟಿವ್ ರಾಕ್ ಪ್ರಿಯರಿಗೆ ರೇಡಿಯೊ: ಕೇಂದ್ರವನ್ನು ಆರಿಸಿ, ಹೊಂದಿಸಿ, ಕೇಳುವ ಬಗೆ

ಆಲ್ಟರ್ನೇಟಿವ್ ರಾಕ್ ಎಂದು ನಾವಿಂದು ಕರೆಯುವ, ಜನಪ್ರಿಯ ಧಾರೆಯ ಹೊರಗೆ ಬೆಳೆದ ರಾಕ್ ಸಂಗೀತವನ್ನು ಸಾಕಿ ಬೆಳೆಸಿದ್ದು ರೇಡಿಯೊ. 1980ರ ದಶಕದಲ್ಲಿ ಆರ್‌ಇಎಂ, ಹಸ್ಕರ್ ಡೂ, ಪಿಕ್ಸೀಸ್ ಮುಂತಾದ ತಂಡಗಳ ಹಾಡುಗಳತ್ತ ಅಮೆರಿಕದ ದೊಡ್ಡ ವಾಣಿಜ್ಯ ಕೇಂದ್ರಗಳು ಕಣ್ಣೆತ್ತಿಯೂ ನೋಡದಿದ್ದಾಗ, ಅವನ್ನು ಹಗಲಿರುಳು ನುಡಿಸಿದವು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ನಡೆಸುತ್ತಿದ್ದ ಸಣ್ಣ ಕೇಂದ್ರಗಳು; ಹಾಗಾಗಿಯೇ ಆ ಕಾಲದಲ್ಲಿ ಈ ಪ್ರಕಾರಕ್ಕೆ ‘ಕಾಲೇಜ್ ರಾಕ್’ ಎಂಬ ಹೆಸರಿತ್ತು. 1988ರ ಸೆಪ್ಟೆಂಬರ್‌ನಲ್ಲಿ ಬಿಲ್‌ಬೋರ್ಡ್ ಪತ್ರಿಕೆ ‘ಮಾಡರ್ನ್ ರಾಕ್’ (ಇದೇ ಸಂಗೀತದ ಅಂದಿನ ಇನ್ನೊಂದು ಹೆಸರು) ಹಾಡುಗಳ ಪ್ರತ್ಯೇಕ ಪಟ್ಟಿಯನ್ನು ಆರಂಭಿಸಿದಾಗ ಅದಕ್ಕೆ ಆಧಾರವಾದದ್ದೂ ರೇಡಿಯೊ ಕೇಂದ್ರಗಳ ಪ್ರಸಾರವೇ. ಮೊಬೈಲಿನ ಸಂಗೀತದ ಆ್ಯಪ್ ನಾವು ಈಗಾಗಲೇ ಮೆಚ್ಚಿದ ಹಾಡುಗಳನ್ನು ಹೋಲುವ ಹಾಡುಗಳನ್ನು ಹುಡುಕಿ ಕೊಡುತ್ತದೆ. ಒಳ್ಳೆಯ ಕೇಂದ್ರದಲ್ಲಿ ಮೈಕಿನ ಮುಂದೆ ಕುಳಿತ ಒಬ್ಬ ವ್ಯಕ್ತಿ, ನಾವು ಎಂದೂ ಕೇಳಿರದ ಹಾಡನ್ನು ತಾನು ಮೆಚ್ಚಿದ ಕಾರಣಕ್ಕೆ ನಮ್ಮ ಮುಂದಿಡುತ್ತಾನೆ. ಹಲವು ವರ್ಷಗಳಿಂದ ಬೆಂಗಳೂರಿನಲ್ಲಿ ಕುಳಿತು ಇಂಥ ಕೇಂದ್ರಗಳನ್ನು ಕೇಳುತ್ತ ಬಂದ ನನಗೆ ಕೇಂದ್ರವನ್ನು ಆರಿಸಲು ಉಳಿದಿರುವ ಅಳತೆಗೋಲು ಒಂದೇ: ಅಲ್ಲಿ ಹಾಡನ್ನು ಆರಿಸುವವರು ಯಾರು? ಈ ಮಾರ್ಗದರ್ಶಿಯ ಎಲ್ಲ ಹೆಜ್ಜೆಗಳೂ ಆ ಪ್ರಶ್ನೆಯಿಂದಲೇ ಹೊರಡುತ್ತವೆ.

ಮೊದಲ ಹೆಜ್ಜೆ: ಕೇಂದ್ರಕ್ಕೆ ಹಣ ಎಲ್ಲಿಂದ ಬರುತ್ತದೆ ಎಂದು ನೋಡಿ

ಹಾಡು ಆರಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಕೇಂದ್ರದ ಖರ್ಚನ್ನು ಹೊರುವವರು ಯಾರು ಎಂಬುದರಿಂದ ಬಹುಮಟ್ಟಿಗೆ ನಿರ್ಧಾರವಾಗುತ್ತದೆ. ಜಾಹೀರಾತಿನಿಂದ ನಡೆಯುವ ಕೇಂದ್ರಕ್ಕೆ ಕೇಳುಗ ಬೇರೆ ಕೇಂದ್ರಕ್ಕೆ ಹೋಗಿಬಿಡುವನೆಂಬ ಭಯ ಸದಾ ಇರುವುದರಿಂದ, ಪರಿಚಿತ ಹಾಡುಗಳ ಚಿಕ್ಕ ಪಟ್ಟಿಯೊಂದನ್ನು ಅದು ದಿನವಿಡೀ ತಿರುಗಿಸುತ್ತದೆ. 1996ರ ದೂರಸಂಪರ್ಕ ಕಾಯ್ದೆಯು ಅಮೆರಿಕದಲ್ಲಿ ಒಂದೇ ಕಂಪನಿ ದೇಶದಾದ್ಯಂತ ಎಷ್ಟು ರೇಡಿಯೊ ಕೇಂದ್ರಗಳನ್ನು ಹೊಂದಬಹುದು ಎಂಬ ಮಿತಿಯನ್ನು ತೆಗೆದುಹಾಕಿದ ಮೇಲೆ ನೂರಾರು ಕೇಂದ್ರಗಳು ಕೆಲವೇ ಕಂಪನಿಗಳ ಪಾಲಾದವು. ಊರೂರಿಗೆ ಬೇರೆಯಾಗಿದ್ದ ರುಚಿ ಅಲ್ಲಿಂದ ಸಪಾಟಾಗತೊಡಗಿತು. ಇದನ್ನು ಹೇಳುವಾಗ ವಾಣಿಜ್ಯ ಕೇಂದ್ರಗಳ ಋಣವನ್ನು ಮರೆಯಬಾರದು. ಲಾಸ್ ಏಂಜಲೀಸ್‌ನ ಕೆಆರ್‌ಒಕ್ಯು 106.7 ಮತ್ತು ಸ್ಯಾನ್ ಡಿಯೇಗೊ ನಗರಕ್ಕಾಗಿ ಪ್ರಸಾರ ಮಾಡುವ 91ಎಕ್ಸ್ ಇಲ್ಲದಿದ್ದರೆ 1980ರ ದಶಕದ ಬ್ರಿಟಿಷ್ ನ್ಯೂ ವೇವ್ (ಪಂಕ್ ನಂತರದ, ಸಿಂಥಸೈಸರ್ ಬೆರೆತ ರಾಕ್) ತಂಡಗಳು ಕ್ಯಾಲಿಫೋರ್ನಿಯಾದ ಮನೆಮನೆಗೆ ತಲುಪುತ್ತಿರಲಿಲ್ಲ.

ಅಮೆರಿಕದ ಕೇಂದ್ರವಾದರೆ ತರಂಗಾಂತರದ ಸಂಖ್ಯೆಯೇ ಅದರ ಸ್ವಭಾವವನ್ನು ಹೇಳುತ್ತದೆ. ಅಲ್ಲಿ ಎಫ್‌ಎಂ ಪಟ್ಟಿಯ ಕೆಳತುದಿ, ಅಂದರೆ 88ರಿಂದ 92 ಮೆಗಾಹರ್ಟ್ಸ್‌ವರೆಗಿನ ಭಾಗವನ್ನು ಲಾಭದ ಉದ್ದೇಶವಿಲ್ಲದ ಕೇಂದ್ರಗಳಿಗೆ ಮೀಸಲಿಡಲಾಗಿದೆ. ಸಿಯಾಟಲ್‌ನ ಕೆಇಎಕ್ಸ್‌ಪಿ 90.3, ಸಾಂಟಾ ಮೋನಿಕಾದ ಕೆಸಿಆರ್‌ಡಬ್ಲ್ಯು 89.9, ಮಿನ್ನೆಸೋಟಾದ ‘ದಿ ಕರೆಂಟ್’ 89.3, ಫಿಲಡೆಲ್ಫಿಯಾದ ಡಬ್ಲ್ಯುಎಕ್ಸ್‌ಪಿಎನ್ 88.5, ಜರ್ಸಿ ಸಿಟಿಯ ಡಬ್ಲ್ಯುಎಫ್‌ಎಂಯು 91.1 ಎಲ್ಲವೂ ಈ ಕಿರಿದಾದ ಓಣಿಯಲ್ಲೇ ಇವೆ. ಮೇಲೆ ಹೇಳಿದ 91ಎಕ್ಸ್ ಕೂಡ 91.1ರಲ್ಲಿದ್ದು ಜಾಹೀರಾತು ಹಾಕುತ್ತದೆಯಲ್ಲ ಎಂದು ಕೇಳಿದರೆ, ಅದರ ಪ್ರಸಾರಗೋಪುರ ಗಡಿಯಾಚೆ ಮೆಕ್ಸಿಕೊದ ತಿಹ್ವಾನಾದಲ್ಲಿದೆ ಎಂಬುದೇ ಉತ್ತರ. ಅಮೆರಿಕದ ಮೀಸಲಾತಿ ಅಲ್ಲಿಗೆ ಅನ್ವಯಿಸುವುದಿಲ್ಲ. ಕೇಂದ್ರಗಳ ಹೆಸರಿನ ಮೊದಲಕ್ಷರವೂ ಒಂದು ಸುಳಿವು ಕೊಡುತ್ತದೆ: ಕೆಲವು ಹಳೆಯ ಅಪವಾದಗಳನ್ನು ಬಿಟ್ಟರೆ ಮಿಸಿಸಿಪಿ ನದಿಯ ಪಶ್ಚಿಮದವು ‘ಕೆ’ಯಿಂದಲೂ ಪೂರ್ವದವು ‘ಡಬ್ಲ್ಯು’ವಿನಿಂದಲೂ ಆರಂಭವಾಗುತ್ತವೆ. ಅಂದರೆ ಹೆಸರು ಕೇಳಿದ ಕೂಡಲೇ ಅಲ್ಲಿ ಈಗ ಹಗಲೋ ರಾತ್ರಿಯೋ ಎಂದು ಅಂದಾಜು ಮಾಡಬಹುದು.

ನಮ್ಮ ಊರಿನ ಎಫ್‌ಎಂನಲ್ಲಿ ಇದನ್ನೆಲ್ಲ ಹುಡುಕುವುದರಲ್ಲಿ ಹೆಚ್ಚು ಫಲವಿಲ್ಲ. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರ ಜುಲೈಯಲ್ಲಿ ಬೆಂಗಳೂರಿನಲ್ಲೇ ಆರಂಭವಾಯಿತು. 2006ರಲ್ಲಿ ಪಾಶ್ಚಾತ್ಯ ಸಂಗೀತಕ್ಕೆಂದೇ 91.9ರ ಇಂಡಿಗೊ ಬಂದಿತಾದರೂ ಅದರ ಒಲವು ಮುಖ್ಯವಾಗಿ ಜನಪ್ರಿಯ ಪಾಪ್‌ನ ಕಡೆಗೆ. ಹರಾಜಿನಲ್ಲಿ ದುಬಾರಿ ಬೆಲೆಗೆ ತರಂಗಾಂತರವನ್ನು ಪಡೆಯುವ ವ್ಯವಸ್ಥೆಯಲ್ಲಿ ಕೆಲವೇ ಸಾವಿರ ಮಂದಿಯ ಅಭಿರುಚಿಗಾಗಿ ಕೇಂದ್ರ ನಡೆಸುವುದು ಯಾರಿಗೂ ಕಷ್ಟ. ಥರ್ಮಲ್ ಅಂಡ್ ಎ ಕ್ವಾರ್ಟರ್‌ನಂಥ ತಂಡಗಳು ಹುಟ್ಟಿದ ಊರಿನ ಕೇಳುಗರಿಗೂ ರೇಡಿಯೊ ಎಂದರೆ ಅಂತರ್ಜಾಲದ ರೇಡಿಯೊವೇ ಗತಿ.

ಎರಡನೆಯ ಹೆಜ್ಜೆ: ಒಂದು ಕೇಂದ್ರವನ್ನು ಮನೆಯಾಗಿ ಮಾಡಿಕೊಳ್ಳಿ

ಹೊಸಬರು ಸಾಮಾನ್ಯವಾಗಿ ಹತ್ತಿಪ್ಪತ್ತು ಕೇಂದ್ರಗಳನ್ನು ಗುರುತು ಹಾಕಿಕೊಂಡು, ಐದು ನಿಮಿಷಕ್ಕೊಮ್ಮೆ ಬದಲಿಸುತ್ತ, ಎರಡೇ ವಾರದಲ್ಲಿ ಬೇಸತ್ತುಬಿಡುತ್ತಾರೆ. ನಿರೂಪಕರ ಅಭಿರುಚಿ ಅರ್ಥವಾಗಲು ಸಮಯ ಬೇಕು. ಮೊದಲ ಒಂದು ತಿಂಗಳು ಒಂದೇ ಕೇಂದ್ರವನ್ನು ಕೇಳಿ ಎಂಬುದು ನನ್ನ ಸಲಹೆ. ಆ ಒಂದು ಕೇಂದ್ರ ಯಾವುದಾಗಿರಬೇಕು ಎಂದು ಕೇಳಿದರೆ ನಾನು ಹಿಂದೆಮುಂದೆ ನೋಡದೆ ಕೆಇಎಕ್ಸ್‌ಪಿಯ ಹೆಸರು ಹೇಳುತ್ತೇನೆ.

1972ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕೇವಲ 10 ವ್ಯಾಟ್ ಶಕ್ತಿಯ ಪ್ರೇಷಕದೊಂದಿಗೆ ಕೆಸಿಎಂಯು ಎಂಬ ಹೆಸರಿನಲ್ಲಿ ಆರಂಭಿಸಿದ ಕೇಂದ್ರವಿದು. 1980ರ ದಶಕದಲ್ಲಿ ಸೌಂಡ್‌ಗಾರ್ಡನ್ ತಂಡದ ಗಿಟಾರ್ ವಾದಕ ಕಿಮ್ ಥಾಯಿಲ್, ಮಡ್‌ಹನಿಯ ಮಾರ್ಕ್ ಆರ್ಮ್, ಸಬ್ ಪಾಪ್ ಧ್ವನಿಮುದ್ರಣ ಸಂಸ್ಥೆಯನ್ನು ಕಟ್ಟಿದ ಬ್ರೂಸ್ ಪ್ಯಾವಿಟ್ ಮತ್ತು ಜೊನಾಥನ್ ಪೋನ್‌ಮನ್ ಇಲ್ಲಿ ನಿರೂಪಕರಾಗಿದ್ದರು. ಮುಂದೆ ‘ಗ್ರಂಜ್’ ಎಂದು ಲೋಕವೇ ಹೆಸರಿಸಿದ, ಸಿಯಾಟಲ್‌ನ ಒರಟು ಗಿಟಾರ್ ಸದ್ದನ್ನು ಮೊದಲು ಮಾಡಿದವರು, ಅದನ್ನು ಮುದ್ರಿಸಿ ಮಾರಿದವರು, ಗಾಳಿಗೆ ಬಿಟ್ಟವರು ಎಲ್ಲರೂ ಒಂದೇ ಸಣ್ಣ ಸ್ಟುಡಿಯೊದಲ್ಲಿ ಸರದಿಯಂತೆ ಕುಳಿತು ಹೋದವರು ಎಂಬುದನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ. ಮೈಕ್ರೊಸಾಫ್ಟ್‌ನ ಸಹಸಂಸ್ಥಾಪಕ ಪಾಲ್ ಆ್ಯಲನ್ ಅವರ ನೆರವಿನೊಂದಿಗೆ 2001ರಲ್ಲಿ ಕೇಂದ್ರ ಇಂದಿನ ಹೆಸರನ್ನು ಪಡೆಯಿತು. 2024ರ ಮಾರ್ಚ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ 92.7ರಲ್ಲೂ ಪ್ರಸಾರವಾಗುತ್ತಿದೆ, ವಾಣಿಜ್ಯ ಭಾಗದ ತರಂಗಾಂತರವನ್ನು ಕೇಳುಗರ ದೇಣಿಗೆಯ ಕೇಂದ್ರವೊಂದು ಕೊಂಡ ಅಪರೂಪದ ಪ್ರಸಂಗವದು.

ಇದನ್ನು ಕೇಳುವಾಗ ಕೇಂದ್ರದ ಜಾಲತಾಣದಲ್ಲಿ ಹಾಡುಗಳ ಪಟ್ಟಿಯ ಪುಟವನ್ನು ತೆರೆದಿಟ್ಟುಕೊಳ್ಳುವುದನ್ನು ಮರೆಯಬೇಡಿ. ಹಾಡು ಆರಂಭವಾದಂತೆ ತಂಡದ ಹೆಸರು, ಆಲ್ಬಂ, ಬಿಡುಗಡೆಯ ವರ್ಷ, ಮುದ್ರಿಸಿದ ಸಂಸ್ಥೆ ಅಲ್ಲಿ ಮೂಡುತ್ತವೆ. ಅನೇಕ ವೇಳೆ ನಿರೂಪಕರೇ ಎರಡು ಮೂರು ಸಾಲಿನ ಟಿಪ್ಪಣಿಯನ್ನೂ ಬರೆಯುತ್ತಾರೆ. ತಂಡದ ಹೆಸರಿಗಿಂತ ಮುದ್ರಿಸಿದ ಸಂಸ್ಥೆಯ ಹೆಸರನ್ನು ಗಮನಿಸುವ ಅಭ್ಯಾಸ ಹೆಚ್ಚು ಉಪಯುಕ್ತ ಎಂಬುದು ನನ್ನ ಅನುಭವ, ಏಕೆಂದರೆ ಒಂದೇ ಸಣ್ಣ ಸಂಸ್ಥೆಯ ತಂಡಗಳ ನಡುವೆ ರಕ್ತಸಂಬಂಧದಂಥ ಹೋಲಿಕೆ ಇರುತ್ತದೆ. ಒಂದು ಹಿಡಿಸಿದರೆ ಉಳಿದವೂ ಹಿಡಿಸುವ ಸಂಭವ ಹೆಚ್ಚು. ಕೇಂದ್ರದ ಯೂಟ್ಯೂಬ್ ವಾಹಿನಿಯಲ್ಲಿ ಸ್ಟುಡಿಯೊದಲ್ಲೇ ನುಡಿಸಿದ ಸಾವಿರಾರು ನೇರ ಕಾರ್ಯಕ್ರಮಗಳಿವೆ. ಹೊಸ ತಂಡದ ಹೆಸರು ಕಿವಿಗೆ ಬಿದ್ದಾಗ ಮೊದಲು ಅಲ್ಲಿ ಹುಡುಕಿ: ತಂಡಕ್ಕೆ ನಿಜವಾಗಿ ನುಡಿಸಲು ಬರುತ್ತದೆಯೋ ಇಲ್ಲವೋ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಮೂರನೆಯ ಹೆಜ್ಜೆ: ಗಡಿಯಾರವನ್ನು ಹೊಂದಿಸಿಕೊಳ್ಳಿ

ನಿರೂಪಕರು ಅತಿ ಎಚ್ಚರದಿಂದ ಹಾಡುಗಳನ್ನು ಜೋಡಿಸುವುದು ಅವರ ಊರಿನ ಬೆಳಿಗ್ಗೆ ಮತ್ತು ಸಂಜೆಯ ಹೊತ್ತಿನಲ್ಲಿ. ಸಿಯಾಟಲ್‌ನ ಬೆಳಿಗ್ಗೆ 7 ಗಂಟೆ ಬೇಸಿಗೆಯಲ್ಲಿ ನಮ್ಮ ಸಂಜೆ 7.30, ಚಳಿಗಾಲದಲ್ಲಿ ರಾತ್ರಿ 8.30. ಜಾನ್ ರಿಚರ್ಡ್ಸ್ ಬಹುಕಾಲದಿಂದ ನಡೆಸುತ್ತಿರುವ ಕೆಇಎಕ್ಸ್‌ಪಿಯ ಮುಂಜಾನೆಯ ಕಾರ್ಯಕ್ರಮವನ್ನು ನಾವು ಕೆಲಸ ಮುಗಿಸಿ ಬಂದು, ಒಲೆಯ ಮೇಲೆ ಅನ್ನಕ್ಕಿಟ್ಟು ಆರಾಮವಾಗಿ ಕೇಳಬಹುದು. ಲಂಡನ್ನಿನ ಬೆಳಿಗ್ಗೆ 7.30 ಎಂದರೆ ಬೇಸಿಗೆಯಲ್ಲಿ ನಮ್ಮ ಮಧ್ಯಾಹ್ನ 12, ಚಳಿಗಾಲದಲ್ಲಿ 1 ಗಂಟೆ. ನಾವು ಬೆಳಿಗ್ಗೆ 6.30ಕ್ಕೆ ಕಾಫಿ ಕುಡಿಯುವಾಗ ಸಿಡ್ನಿಯಲ್ಲಿ ಬೆಳಿಗ್ಗೆ 11. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಅದೇ ಹೊತ್ತಿಗೆ 12. ಹೀಗೆ ಆಸ್ಟ್ರೇಲಿಯಾದಿಂದ ದಿನವನ್ನು ಆರಂಭಿಸಿ, ಮಧ್ಯಾಹ್ನ ಬ್ರಿಟನ್ನಿಗೆ ಹೊರಳಿ, ರಾತ್ರಿ ಅಮೆರಿಕದ ಪಶ್ಚಿಮ ಕರಾವಳಿಯನ್ನು ತಲುಪಿದರೆ ಭಾರತದ ಕೇಳುಗನಿಗೆ ಎಲ್ಲೆಡೆಯೂ ಜನ ಎಚ್ಚರವಾಗಿರುವ ರೇಡಿಯೊವೇ ಸಿಗುತ್ತದೆ.

ಅಲ್ಲಿನ ಗಡಿಯಾರಗಳು ವರ್ಷಕ್ಕೆ ಎರಡು ಬಾರಿ ಬದಲಾಗುತ್ತವೆ: ಅಮೆರಿಕದಲ್ಲಿ ಮಾರ್ಚ್‌ನ ಎರಡನೆಯ ಮತ್ತು ನವೆಂಬರ್‌ನ ಮೊದಲ ಭಾನುವಾರ, ಬ್ರಿಟನ್ನಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ಗಳ ಕೊನೆಯ ಭಾನುವಾರ. ಮೊಬೈಲಿನ ವಿಶ್ವ ಗಡಿಯಾರದಲ್ಲಿ ಸಿಯಾಟಲ್, ಲಂಡನ್, ಸಿಡ್ನಿಗಳನ್ನು ಸೇರಿಸಿಕೊಂಡರೆ ಈ ಗೊಂದಲವಿರುವುದಿಲ್ಲ.

ಹೊತ್ತು ತಪ್ಪಿದರೆ ಹಳೆಯ ಪ್ರಸಾರವನ್ನು ಹಿಂತಿರುಗಿ ಕೇಳುವ ಸೌಲಭ್ಯವಿದೆ, ಆದರೆ ಕೆಇಎಕ್ಸ್‌ಪಿಯಲ್ಲಿ ಅದು ಎರಡು ವಾರಗಳಿಗೆ ಸೀಮಿತ. ಇದಕ್ಕೆ ಕಾರಣ 1998ರಲ್ಲಿ ಜಾರಿಗೆ ಬಂದ ಅಮೆರಿಕದ ಡಿಜಿಟಲ್ ಹಕ್ಕುಸ್ವಾಮ್ಯ ಕಾಯ್ದೆ. ಪ್ರತಿ ಹಾಡಿಗೂ ಬೇರೆಬೇರೆಯಾಗಿ ಅನುಮತಿ ಪಡೆಯದೆ, ಕಾನೂನು ನಿಗದಿಪಡಿಸಿದ ಗೌರವಧನವನ್ನು (ರಾಯಲ್ಟಿ) ಕೊಟ್ಟು ಅಂತರ್ಜಾಲದಲ್ಲಿ ಪ್ರಸಾರ ಮಾಡುವ ಕೇಂದ್ರಗಳು ಕೆಲವು ಷರತ್ತುಗಳಿಗೆ ಒಳಪಡಬೇಕು: ಸಂಗ್ರಹಿಸಿಟ್ಟ ಪ್ರಸಾರವನ್ನು ಎರಡು ವಾರಕ್ಕಿಂತ ಹೆಚ್ಚು ಇಡುವಂತಿಲ್ಲ, ಮೂರು ಗಂಟೆಗಳ ಅವಧಿಯಲ್ಲಿ ಒಂದೇ ಆಲ್ಬಂನಿಂದ ಮೂರಕ್ಕಿಂತ ಹೆಚ್ಚು ಹಾಡುಗಳನ್ನು ನುಡಿಸುವಂತಿಲ್ಲ, ಮುಂಬರುವ ಹಾಡುಗಳ ಪಟ್ಟಿಯನ್ನು ಮೊದಲೇ ಪ್ರಕಟಿಸುವಂತಿಲ್ಲ. ಹಾಗಾಗಿ ಮೆಚ್ಚಿದ ಕಾರ್ಯಕ್ರಮವನ್ನು ‘ಆಮೇಲೆ ಕೇಳೋಣ’ ಎಂದು ತಿಂಗಳುಗಟ್ಟಲೆ ಮುಂದೂಡಬೇಡಿ.

ನಾಲ್ಕನೆಯ ಹೆಜ್ಜೆ: ಒಂದೊಂದಾಗಿ ಬೇರೆ ಕೇಂದ್ರಗಳನ್ನು ಸೇರಿಸಿ

ತಿಂಗಳ ನಂತರ ಹೊಸ ಸ್ವಭಾವದ ಕೇಂದ್ರವೊಂದನ್ನು ಸೇರಿಸಿಕೊಳ್ಳಿ. ನಾನು ಮುಂದಿಡುವ ಮೊದಲ ಹೆಸರು ಆಸ್ಟ್ರೇಲಿಯಾದ ಟ್ರಿಪಲ್ ಜೆ. ಸರ್ಕಾರದ ಹಣದಿಂದ ನಡೆಯುವ ಎಬಿಸಿ ಸಂಸ್ಥೆಯ ಯುವಜನರ ವಾಹಿನಿಯಿದು. 1975ರ ಜನವರಿಯಲ್ಲಿ ಸಿಡ್ನಿಯಲ್ಲಿ ‘ಡಬಲ್ ಜೆ’ ಆಗಿ ಹುಟ್ಟಿ, ಬೇರೆ ಕೇಂದ್ರಗಳು ನಿಷೇಧಿಸಿದ್ದ ಹಾಡಿನಿಂದಲೇ ಪ್ರಸಾರವನ್ನು ಆರಂಭಿಸಿತು. 1989ರಿಂದ ದೇಶದಾದ್ಯಂತ ಹರಡಿತು. 1995ರಲ್ಲಿ ಆರಂಭವಾದ ಇದರ ‘ಅನ್‌ಅರ್ಥ್ಡ್’ ಯೋಜನೆ ಸಣ್ಣ ಊರುಗಳ ಅಪರಿಚಿತ ತಂಡಗಳನ್ನು ಹುಡುಕಿ ತೆಗೆಯುತ್ತದೆ. ಗ್ರಿನ್‌ಸ್ಪೂನ್ ತಂಡ ಬೆಳಕಿಗೆ ಬಂದದ್ದು ಹೀಗೆ. ಪ್ರತಿ ಜನವರಿಯಲ್ಲಿ ಕೇಳುಗರ ಮತದಿಂದ ಆರಿಸಿದ ‘ಹಾಟೆಸ್ಟ್ 100’ ಹಾಡುಗಳನ್ನು ಕೊನೆಯಿಂದ ಮೊದಲಿನವರೆಗೆ ಪ್ರಸಾರ ಮಾಡುವ ದಿನ, ಇಡೀ ದೇಶದ ತರುಣರು ಹಿತ್ತಲುಗಳಲ್ಲಿ ಕೂಡಿ ಕೇಳುತ್ತಾರೆ. ಹಬ್ಬದ ಹಾಗಿರುವ ಈ ಪ್ರಸಾರವನ್ನು ಒಮ್ಮೆಯಾದರೂ ನೇರವಾಗಿ ಕೇಳಬೇಕು. ಮೂವತ್ತು ದಾಟಿದವರಿಗಾಗಿ 2014ರಲ್ಲಿ ‘ಡಬಲ್ ಜೆ’ ಎಂಬ ಹಳೆಯ ಹೆಸರಿನಲ್ಲೇ ಮತ್ತೊಂದು ಡಿಜಿಟಲ್ ವಾಹಿನಿ ಆರಂಭವಾಯಿತು; 1990ರ ದಶಕದ ಹಾಡುಗಳನ್ನು ಬಯಸುವವರಿಗೆ ನನ್ನ ಒತ್ತು ಅದರ ಮೇಲೆ.

ಬ್ರಿಟನ್ನಿನ ಬಿಬಿಸಿ ರೇಡಿಯೊ 6 ಮ್ಯೂಸಿಕ್ 2002ರ ಮಾರ್ಚ್ 11ರಂದು ಆರಂಭವಾದ, ಡಿಜಿಟಲ್ ರೂಪದಲ್ಲಷ್ಟೇ ಸಿಗುವ ವಾಹಿನಿ. 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೆ ರೇಡಿಯೊ 1ರಲ್ಲಿ ಯಾರೂ ಕೇಳದ ತಂಡಗಳನ್ನು ಕರೆದು ನುಡಿಸಿದ ಜಾನ್ ಪೀಲ್ ಅವರ ಪರಂಪರೆ ಇಂದು ಉಸಿರಾಡುತ್ತಿರುವುದು ಇಲ್ಲಿ. 2010ರಲ್ಲಿ ಬಿಬಿಸಿ ಈ ವಾಹಿನಿಯನ್ನು ಮುಚ್ಚಲು ಹೊರಟಿತ್ತು. ಕೇಳುಗರ ಮತ್ತು ಕಲಾವಿದರ ತೀವ್ರ ಪ್ರತಿಭಟನೆಯ ನಂತರ ಅದೇ ಜುಲೈಯಲ್ಲಿ ಬಿಬಿಸಿಯ ಅಂದಿನ ಆಡಳಿತ ಮಂಡಳಿಯಾದ ಬಿಬಿಸಿ ಟ್ರಸ್ಟ್ ಆ ಪ್ರಸ್ತಾವವನ್ನು ತಿರಸ್ಕರಿಸಿತು. ಕೇಳುಗರು ಮನಸ್ಸು ಮಾಡಿದರೆ ಒಂದು ವಾಹಿನಿ ಉಳಿಯುತ್ತದೆ ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಇದು. ಇದಕ್ಕೆ ವಿರುದ್ಧವಾದ ಕಥೆ ಒಹಾಯೊದ ಆಕ್ಸ್‌ಫರ್ಡ್ ಎಂಬ ಪುಟ್ಟ ಊರಿನ ಡಬ್ಲ್ಯುಒಎಕ್ಸ್‌ವೈಯದು: 1983ರಿಂದ ಹೊಸ ರಾಕ್ ಸಂಗೀತವನ್ನು ನುಡಿಸುತ್ತಿದ್ದ ಆ ಕೇಂದ್ರ 2004ರಲ್ಲಿ ಎಫ್‌ಎಂ ಪ್ರಸಾರವನ್ನು ಕಳೆದುಕೊಂಡು, ಅಂತರ್ಜಾಲದಲ್ಲಿ ಕೆಲವು ವರ್ಷ ಹೋರಾಡಿ, 2010ರಲ್ಲಿ ಮೌನವಾಯಿತು.

ನಿರೂಪಕರ ಮಾತು ಬೇಡ, ಕೆಲಸ ಮಾಡುತ್ತ ಹಾಡುಗಳನ್ನಷ್ಟೇ ಕೇಳಬೇಕು ಎನ್ನುವವರಿಗೆ ಅಂತರ್ಜಾಲದಲ್ಲೇ ಹುಟ್ಟಿದ ಎರಡು ಕೇಂದ್ರಗಳು ಸಾಕು. ಸ್ಯಾನ್ ಫ್ರಾನ್ಸಿಸ್ಕೊದ ಸೋಮಾಎಫ್‌ಎಂನಲ್ಲಿ ಮೂವತ್ತರಷ್ಟು ವಾಹಿನಿಗಳಿದ್ದು, ಅವುಗಳಲ್ಲಿ ‘ಇಂಡೀ ಪಾಪ್ ರಾಕ್ಸ್’ ಮತ್ತು ‘ಅಂಡರ್‌ಗ್ರೌಂಡ್ 80ಸ್’ ನಮಗೆ ಹತ್ತಿರದವು. ಬಿಲ್ ಮತ್ತು ರೆಬೆಕಾ ಗೋಲ್ಡ್‌ಸ್ಮಿತ್ ದಂಪತಿ 2000ದಲ್ಲಿ ಕಟ್ಟಿದ ರೇಡಿಯೊ ಪ್ಯಾರಡೈಸ್‌ನಲ್ಲಿ ಪ್ರತ್ಯೇಕ ರಾಕ್ ವಾಹಿನಿಯೂ ಇದೆ. ಎರಡರಲ್ಲೂ ಜಾಹೀರಾತಿಲ್ಲ, ನಿರೂಪಕರ ಧ್ವನಿ ಅಪರೂಪವಾದರೂ ಹಾಡುಗಳನ್ನು ಜೋಡಿಸಿದ ಮನುಷ್ಯನ ಗುರುತು ಸ್ಪಷ್ಟವಾಗಿ ಸಿಗುತ್ತದೆ.

ಜರ್ಸಿ ಸಿಟಿಯ ಡಬ್ಲ್ಯುಎಫ್‌ಎಂಯುವನ್ನು ಕೊನೆಯಲ್ಲಿ ಸೇರಿಸಿಕೊಳ್ಳಿ. 1958ರಲ್ಲಿ ಅಪ್ಸಲಾ ಕಾಲೇಜಿನ ಕೇಂದ್ರವಾಗಿ ಆರಂಭವಾಯಿತು. 1995ರಲ್ಲಿ ಕಾಲೇಜೇ ಮುಚ್ಚಿಹೋದರೂ ಕೇಂದ್ರ ಉಳಿಯಿತು. ಇಲ್ಲಿನ ಸ್ವಯಂಸೇವಕ ನಿರೂಪಕರಿಗೆ ಯಾವ ಪಟ್ಟಿಯ ಕಟ್ಟೂ ಇಲ್ಲ. ಒಂದು ಗಂಟೆ ಗದ್ದಲವೆನಿಸಿ, ಮರುಗಂಟೆ ಜೀವಮಾನವಿಡೀ ನೆನಪಿಡುವ ಹಾಡೊಂದು ಬರಬಹುದು. ಕಿವಿ ಸ್ವಲ್ಪ ಪಳಗಿದ ಮೇಲೆ ಇದರ ಬೆಲೆ ತಿಳಿಯುತ್ತದೆ.

ಐದನೆಯ ಹೆಜ್ಜೆ: ಸಂಪರ್ಕವನ್ನು ಸರಿಪಡಿಸಿಕೊಳ್ಳಿ

ಕೇಂದ್ರದ ಸ್ವಂತ ಆ್ಯಪ್ ಇದ್ದರೆ ಅದನ್ನೇ ಬಳಸಿ. ನಡುವಿನ ಆ್ಯಪ್‌ಗಳು ತಮ್ಮದೇ ಜಾಹೀರಾತನ್ನು ಮೊದಲು ಕೇಳಿಸುವುದುಂಟು. ಕಂಪ್ಯೂಟರಿನಲ್ಲಾದರೆ ವಿಎಲ್‌ಸಿ ಪ್ಲೇಯರ್‌ನ ‘ಓಪನ್ ನೆಟ್‌ವರ್ಕ್ ಸ್ಟ್ರೀಮ್’ ಎಂಬಲ್ಲಿ ಕೇಂದ್ರದ ಸ್ಟ್ರೀಮ್ ವಿಳಾಸವನ್ನು ಒಮ್ಮೆ ಅಂಟಿಸಿ, ಪ್ಲೇಲಿಸ್ಟ್ ಆಗಿ ಉಳಿಸಿಕೊಂಡರೆ ಮುಂದೆ ಒಂದೇ ಒತ್ತಿಗೆ ಹಾಡು ಬರುತ್ತದೆ. ವಿಳಾಸ ಸಿಗದಿದ್ದರೆ ‘ರೇಡಿಯೊ ಬ್ರೌಸರ್’ ಎಂಬ ಮುಕ್ತ ಸಂಗ್ರಹದಲ್ಲಿ ಹೆಸರು ಹಾಕಿ ಹುಡುಕಬಹುದು. ಭೂಪಟದ ಮೇಲೆ ಬೆರಳಾಡಿಸಿ ಅಪರಿಚಿತ ಊರುಗಳ ಕೇಂದ್ರಗಳನ್ನು ಕಂಡುಕೊಳ್ಳಲು ‘ರೇಡಿಯೊ ಗಾರ್ಡನ್’ ಚೆನ್ನಾಗಿದೆ.

ಡೇಟಾ ಖರ್ಚಿನ ಲೆಕ್ಕ ಸರಳ. 128 ಕೆಬಿಪಿಎಸ್‌ನ (ಸೆಕೆಂಡಿಗೆ 128 ಕಿಲೊಬಿಟ್) ಸ್ಟ್ರೀಮ್ ಗಂಟೆಗೆ ಸುಮಾರು 58 ಎಂಬಿ, 64ರದು ಅದರ ಅರ್ಧ, 320ರದು 144 ಎಂಬಿ ಬಳಸುತ್ತದೆ. ದಿನಕ್ಕೆ ಒಂದೂವರೆ ಜಿಬಿ ಇರುವ ಮೊಬೈಲ್ ಯೋಜನೆಯಲ್ಲಿ 128ರ ಸ್ಟ್ರೀಮನ್ನು ಎಂಟು ಗಂಟೆ ಕೇಳಿದರೂ ಮೂರನೇ ಒಂದು ಭಾಗ ಮುಗಿಯುವುದಿಲ್ಲ. ಧ್ವನಿಯನ್ನು ಕಿರಿದಾಗಿಸುವ ಎಎಸಿ ವಿಧಾನದ 64 ಕೆಬಿಪಿಎಸ್ ಬಸ್ಸಿನಲ್ಲಿ, ರೈಲಿನಲ್ಲಿ ಕೇಳಲು ಸಾಕಷ್ಟಾಯಿತು. ಸಂಪರ್ಕ ಕಡಿಯುವುದೂ ಕಡಿಮೆ. ರೇಡಿಯೊ ಪ್ಯಾರಡೈಸ್ ಕೊಡುವ, ಸಿಡಿಯಷ್ಟೇ ಶುದ್ಧವಾದ ಫ್ಲ್ಯಾಕ್ ಸ್ಟ್ರೀಮ್ ಗಂಟೆಗೆ 400 ಎಂಬಿಯ ಆಸುಪಾಸು ನುಂಗುವುದರಿಂದ ಅದನ್ನು ಮನೆಯ ವೈಫೈ ಮತ್ತು ಒಳ್ಳೆಯ ಸ್ಪೀಕರ್‌ಗಳಿಗೆ ಕಾದಿರಿಸಿ. ಬ್ಲೂಟೂತ್‌ನ ಸಣ್ಣ ಸ್ಪೀಕರಿನಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ.

ಕೆಲವು ಕೇಂದ್ರಗಳು ಭಾರತದಲ್ಲಿ ತೆರೆಯುವುದೇ ಇಲ್ಲ. ಕೇಂದ್ರ ಹಾಡುಗಳಿಗೆ ಪಡೆದ ಹಕ್ಕು ತನ್ನ ದೇಶಕ್ಕಷ್ಟೇ ಸೀಮಿತವಾಗಿರುವುದು ಇದಕ್ಕೆ ಕಾರಣ. ಅಮೆರಿಕದ ದೊಡ್ಡ ವಾಣಿಜ್ಯ ಜಾಲಗಳ ಆ್ಯಪ್‌ಗಳಲ್ಲಿ ಈ ಬೇಲಿ ಹೆಚ್ಚು. ಬಿಬಿಸಿಯೂ 2025ರಲ್ಲಿ ‘ಬಿಬಿಸಿ ಸೌಂಡ್ಸ್’ ಆ್ಯಪನ್ನು ಬ್ರಿಟನ್ನಿನ ಹೊರಗಿನವರಿಗೆ ಮುಚ್ಚಿತು, ಹಾಗಾಗಿ 6 ಮ್ಯೂಸಿಕ್‌ಗಾಗಿ ಮೊದಲು ಅದರ ಜಾಲತಾಣದಲ್ಲೇ ಪ್ರಯತ್ನಿಸಿ. ಕಳ್ಳದಾರಿ ಹುಡುಕುವ ಅಗತ್ಯವಿಲ್ಲ. ಈ ಬರಹದಲ್ಲಿ ಹೆಸರಿಸಿದ ಕೇಳುಗರ ದೇಣಿಗೆಯ ಕೇಂದ್ರಗಳೇ ಒಂದು ದಿನದ ಇಪ್ಪತ್ತನಾಲ್ಕು ಗಂಟೆಗೂ ಸಾಕಾಗಿ ಮಿಗುತ್ತವೆ.

ಆರನೆಯ ಹೆಜ್ಜೆ: ಬರೆದಿಟ್ಟುಕೊಳ್ಳಿ, ಬರೆದು ಕಳುಹಿಸಿ, ಕೈಲಾದಷ್ಟು ಕೊಡಿ

ಕೇಳುವಾಗ ಒಂದು ನೋಟ್‌ಬುಕ್ ಹತ್ತಿರವಿರಲಿ. ತಂಡದ ಹೆಸರು, ಮುದ್ರಿಸಿದ ಸಂಸ್ಥೆ, ನುಡಿಸಿದ ನಿರೂಪಕರ ಹೆಸರು ಈ ಮೂರನ್ನು ಗುರುತಿಸಿದರೆ ಸಾಕು. ಎರಡು ತಿಂಗಳ ನಂತರ ಪುಟಗಳನ್ನು ತಿರುವಿದಾಗ, ನಾವು ಮೆಚ್ಚಿದ ಹಾಡುಗಳಲ್ಲಿ ಬಹುಪಾಲು ಇಬ್ಬರು ಮೂವರು ನಿರೂಪಕರಿಂದಲೇ ಬಂದಿರುವುದು ಕಾಣುತ್ತದೆ. ಆಗಿನಿಂದ ಕೇಂದ್ರಕ್ಕಿಂತ ಅವರ ಕಾರ್ಯಕ್ರಮದ ವೇಳೆಯನ್ನು ಹಿಂಬಾಲಿಸಿ.

ಹಣದ ವಿಷಯವನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಗೌರವಧನದ ಹೊರೆ ತಾಳಲಾರದೆ ಸೋಮಾಎಫ್‌ಎಂ 2002ರಲ್ಲಿ ಕೆಲವು ತಿಂಗಳು ಮುಚ್ಚಿಯೇ ಇತ್ತು. 2025ರ ಜುಲೈಯಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆ ಮಂಜೂರಾಗಿದ್ದ ಸುಮಾರು 110 ಕೋಟಿ ಡಾಲರ್‌ಗಳನ್ನು ಹಿಂಪಡೆಯಿತು. ನಮ್ಮ ಸಣ್ಣ ದೇಣಿಗೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕೊಡುವ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ವಹಿವಾಟನ್ನು ತೆರೆಯಬೇಕು, ಏಕೆಂದರೆ 2020ರ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡುಗಳಲ್ಲಿ ಅದು ಮುಚ್ಚಿರುತ್ತದೆ. ಪ್ರತಿ ತಿಂಗಳು ತಾನಾಗಿ ಕಡಿತವಾಗುವ ದೇಣಿಗೆ ವಿದೇಶಿ ಸಂಸ್ಥೆಗಳ ವಿಷಯದಲ್ಲಿ ಆಗಾಗ ವಿಫಲವಾಗುತ್ತದೆ. ವರ್ಷಕ್ಕೊಮ್ಮೆ ಒಟ್ಟಿಗೆ ಕೊಡುವುದು ಅನುಕೂಲ. ಕೊಟ್ಟ ಮೇಲೆ ಕಾರ್ಡಿನ ಆ ಸೌಲಭ್ಯವನ್ನು ಮತ್ತೆ ಮುಚ್ಚಿಬಿಡಿ.

ಹಣ ಕೊಡಲಾಗದವರು ಕಾರ್ಯಕ್ರಮ ನಡೆಯುತ್ತಿರುವಾಗಲೇ ನಿರೂಪಕರಿಗೆ ಎರಡು ಸಾಲು ಬರೆಯಲಿ. ಯಾವ ಹಾಡು ಹಿಡಿಸಿತು, ಯಾಕೆ ಹಿಡಿಸಿತು, ಎಲ್ಲಿ ಕುಳಿತು ಕೇಳುತ್ತಿದ್ದೀರಿ ಎಂಬಷ್ಟೇ ಸಾಕು. ಊರಿನ ಹೆಸರನ್ನು ತಪ್ಪದೆ ಬರೆಯಿರಿ, ಹುಬ್ಬಳ್ಳಿಯಾಗಲಿ ಪುತ್ತೂರಾಗಲಿ. ಇಷ್ಟು ದೂರದಿಂದ ಬಂದ ಪತ್ರವನ್ನು ಅವರು ಸಂತೋಷದಿಂದ ಓದುತ್ತಾರೆ. ಒಂದು ಮಳೆಗಾಲದ ರಾತ್ರಿ ನಾನು ಹೀಗೆ ಬರೆದ ಮುಕ್ಕಾಲು ಗಂಟೆಯ ನಂತರ ಬೆಂಗಳೂರಿನ ಹೆಸರು ಹೇಳಿ, ನಾನು ಕೇಳಿದ ತಂಡದ ಹಾಡನ್ನೇ ನುಡಿಸಿದರು. ಅದರ ಬೆನ್ನಿಗೆ ನನಗೆ ಗೊತ್ತೇ ಇಲ್ಲದ ಇನ್ನೊಂದು ತಂಡದ ಹಾಡನ್ನು, ‘ಇದೂ ನಿಮಗೆ ಹಿಡಿಸಬಹುದು’ ಎಂದು ಸೇರಿಸಿದರು. ನನ್ನ ನೋಟ್‌ಬುಕ್‌ನ ಆ ಪುಟದಲ್ಲಿ ಕೆಳಗೆ ಎರಡು ಗೆರೆ ಎಳೆದಿರುವುದು ಆ ಎರಡನೆಯ ಹೆಸರಿಗೆ.